ಬ್ಯಾಂಕಿನ ಎರಡು ವರ್ಷ, ತೆರಿಗೆಯ ಒಂದು ವರ್ಷ

ಹಳೆ ಮನೆ ಮಾರಿ ಹೊಸದು ಕೊಳ್ಳೋಣವೆಂದರೆ ನಡುವೆ ಬಾಡಿಗೆ ಮನೆಯ ಪಾಡು. ಹೊಸದು ಕೊಂಡು ಆಮೇಲೆ ಹಳೆಯದು ಮಾರೋಣವೆಂದರೆ ಕೈಯಲ್ಲಿ ದುಡ್ಡಿಲ್ಲ. ಈ ಇಕ್ಕಟ್ಟಿಗೆಂದೇ ಬ್ಯಾಂಕುಗಳು ಬ್ರಿಜ್ ಲೋನ್ ಕೊಡುತ್ತವೆ. ಹಳೆ ಮನೆಯಿಂದ ಬರಲಿರುವ ಹಣವನ್ನು ನಂಬಿ ಕೊಡುವ ಸಾಲ ಇದು. ಗಡುವು ಸಾಮಾನ್ಯವಾಗಿ ಹೆಚ್ಚೆಂದರೆ ಎರಡು ವರ್ಷ, ಬಡ್ಡಿ ಮಾಮೂಲಿ ಗೃಹಸಾಲಕ್ಕಿಂತ ಜಾಸ್ತಿ.

ಬಯ್ಯುವವರೆಲ್ಲ ಬಡ್ಡಿಯನ್ನೇ ಬಯ್ಯುತ್ತಾರೆ. 60 ಲಕ್ಷಕ್ಕೆ 11% ಎಂದಿಟ್ಟುಕೊಳ್ಳಿ: ತಿಂಗಳಿಗೆ 55,000 ರೂಪಾಯಿ. ನಾಲ್ಕು ತಿಂಗಳಲ್ಲಿ ಹಳೆ ಮನೆ ಹೋದರೆ 2.2 ಲಕ್ಷ. ಎರಡೆರಡು ಸಲ ಸಾಮಾನು ಸಾಗಿಸುವುದು, ಬಾಡಿಗೆ ಮನೆಯ ಅಡ್ವಾನ್ಸು, ಮಕ್ಕಳ ಶಾಲೆಯ ರಗಳೆ ಇವೆಲ್ಲ ತಪ್ಪುವುದಾದರೆ ಅದೇನೂ ಅನ್ಯಾಯದ ಬೆಲೆಯಲ್ಲ. ನನ್ನ ತಕರಾರು ಗಡುವಿನ ಬಗ್ಗೆ.

ಬ್ಯಾಂಕು ಎರಡು ವರ್ಷ ಕಾಯಬಹುದು, ಆದಾಯ ತೆರಿಗೆ ಕಾಯುವುದಿಲ್ಲ. 1961ರ ಕಾಯ್ದೆಯ 54ನೇ ಸೆಕ್ಷನ್ ಎಂದೇ ಜನ ಬಲ್ಲ, ಮನೆ ಮಾರಿದ ಲಾಭದ ಮೇಲಿನ ತೆರಿಗೆಯ ರಿಯಾಯಿತಿಯಲ್ಲಿ, ಮಾರಾಟದ ನಂತರ ಮನೆ ಕೊಳ್ಳುವವರಿಗೆ ಎರಡು ವರ್ಷ ಅವಕಾಶ. ಮೊದಲೇ ಕೊಂಡವರು ಮಾರಾಟಕ್ಕೆ ಹಿಂದಿನ ಒಂದೇ ವರ್ಷದೊಳಗೆ ಕೊಂಡಿರಬೇಕು. ಹೀಗಾಗಿ ಹದಿನಾಲ್ಕನೇ ತಿಂಗಳಲ್ಲಿ ಹಳೆ ಮನೆ ಮಾರಿದವನು ಬ್ಯಾಂಕಿನ ಪಾಲಿಗೆ ಒಳ್ಳೆ ಗಿರಾಕಿ, ತೆರಿಗೆಯವರ ಪಾಲಿಗೆ ಗಡುವು ಮೀರಿದವನು. 60 ಲಕ್ಷ ಲಾಭವಿದ್ದರೆ 12.5% ದರದಲ್ಲಿ ಏಳೂವರೆ ಲಕ್ಷ ಹೋಯಿತು, ಸೆಸ್ಸು ಸರ್‌ಚಾರ್ಜು ಬೇರೆ. (2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ದ ಮನೆಯಾದರೆ ಇಂಡೆಕ್ಸೇಷನ್ ಸಮೇತ 20% ಲೆಕ್ಕವನ್ನೂ ಹಾಕಿ ನೋಡಬಹುದು.) ಇದರ ಮುಂದೆ ಬಡ್ಡಿಯ ಅರ್ಧ ಪರ್ಸೆಂಟಿಗೆ ಮ್ಯಾನೇಜರ ಜೊತೆ ಹಗ್ಗಜಗ್ಗಾಡುವುದು ತಮಾಷೆಯಾಗಿ ಕಾಣುತ್ತದೆ.

ಒಂದು ವರ್ಷ ಸಾಲದೇ ಎನ್ನುವವರು ಬೆಂಗಳೂರಿನಲ್ಲಿ ಹಳೆ ಮನೆ ಮಾರಿ ನೋಡಬೇಕು. ಗಿರಾಕಿ ಸಿಕ್ಕರೂ ಕಾಗದಪತ್ರ ಸಿಗುವುದಿಲ್ಲ. ಬಿ ಖಾತಾ, ಇ-ಖಾತಾದಲ್ಲಿ ತಪ್ಪು ಬಿದ್ದ ಅಳತೆ, ಅಪ್ಪ ಹೋಗಿ ವರ್ಷಗಳಾದರೂ ಅಪ್ಪನ ಹೆಸರಲ್ಲೇ ಇರುವ ಸೈಟು, ಸಹಿ ಹಾಕಲು ಬರಬೇಕಾದ ವಿದೇಶದ ತಂಗಿ. ಅದರ ಮೇಲೆ ಬ್ರೋಕರಿನ ಮೊದಲ ಪ್ರಶ್ನೆ: “ಹೊಸ ಮನೆ ಆಗ್ಲೇ ತಗೊಂಡ್‌ಬಿಟ್ರಾ ಸಾರ್?” ಹೌದೆಂದ ಕೂಡಲೇ ಹಳೆ ಮನೆಯ ಬೆಲೆ ಇಳಿಯಲು ಶುರು.

ಬ್ಯಾಂಕಿನ ಸಹವಾಸವೇ ಬೇಡವೆನ್ನುವವರು ಹಳೆ ಮನೆಯನ್ನು ಭೋಗ್ಯಕ್ಕೆ ಕೊಟ್ಟು ಒಟ್ಟಿಗೆ ಇಪ್ಪತ್ತೋ ಮೂವತ್ತೋ ಲಕ್ಷ ಎತ್ತುತ್ತಾರೆ. ಬಡ್ಡಿಯಿಲ್ಲದ ಈ ದುಡ್ಡು ಪುಕ್ಕಟೆಯಂತೆ ಕಾಣುತ್ತದೆ. ಮಾರುವ ದಿನ ಬಂದಾಗ ಒಳಗಿರುವವರಿಗೆ ಅಷ್ಟೂ ಹಣ ಎಣಿಸಿಕೊಡದೆ ಮನೆ ಖಾಲಿಯಾಗದು. ಖಾಲಿ ಮಾಡಿಸಿಕೊಡದೆ ಕೊಳ್ಳುವವರು ಒಪ್ಪರು. ಮಾಲೀಕರ ಲೆಕ್ಕ ತಪ್ಪಿದರೆ ಸಿಕ್ಕಿಬೀಳುವುದು ಭೋಗ್ಯಕ್ಕೆ ಬಂದ ಕುಟುಂಬದ ಜೀವಮಾನದ ಉಳಿತಾಯ. ಬ್ರಿಜ್ ಲೋನ್ ಎಷ್ಟೇ ದುಬಾರಿಯಾದರೂ ಅದರ ಅಪಾಯವನ್ನು ಹೊರುವವನು ಸಾಲ ಮಾಡಿದವನೇ. ಆ ಮಟ್ಟಿಗೆ ಅದೇ ಮರ್ಯಾದಸ್ಥ ದಾರಿ.

ಆದರೂ ಸಾಲಕ್ಕಿಂತ ಮೊದಲು ಹಳೆ ಮನೆಯ ಸೇಲ್ ಅಗ್ರಿಮೆಂಟ್ ಆಗಬೇಕೆಂಬುದು ನನ್ನ ಪಕ್ಷ. 1.2 ಕೋಟಿಯ ಮನೆಗೆ ರಿಸರ್ವ್ ಬ್ಯಾಂಕಿನ ಮಿತಿಯಂತೆ ಗೃಹಸಾಲ ಸಿಗುವುದು ಮುಕ್ಕಾಲು ಪಾಲು, ಅಂದರೆ 90 ಲಕ್ಷ. ಉಳಿದ 30 ಲಕ್ಷ ಕೈಯಿಂದ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ 5%, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2%. ಅದು ಇನ್ನೊಂದು 8.4 ಲಕ್ಷ, ಮೇಲೆ ಸೆಸ್ಸು. ಆರು ತಿಂಗಳ ವಾಯಿದೆಯ ಅಗ್ರಿಮೆಂಟಿನಲ್ಲಿ ಹದಿನೈದು ಲಕ್ಷ ಮುಂಗಡ ಬಂದರೆ, ಬ್ರಿಜ್ ಲೋನ್ ಬೇಕಾಗುವುದು ಇಪ್ಪತ್ನಾಲ್ಕು ಲಕ್ಷದ ಆಸುಪಾಸು, ಅದೂ ಆರು ತಿಂಗಳ ಮಟ್ಟಿಗೆ. ಅಷ್ಟು ಹೊತ್ತಿಗೆ ಖಾತಾ, ಇಸಿ, ತಂಗಿಯ ಸಹಿ ಎಲ್ಲವನ್ನೂ ಕೊಳ್ಳುವವರ ವಕೀಲರು ನೋಡಿ ಮುಗಿಸಿರುತ್ತಾರೆ.