ಪತ್ತೇದಾರಿ ಕಾದಂಬರಿ ದುಃಶ್ರುತಿಯೇ?

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದೆ ಪಾಪವನ್ನು ಕಟ್ಟಿಕೊಳ್ಳುವ ಐದು ದಾರಿಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ್ದಾರೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ಪ್ರಮಾದಚರ್ಯೆಗಳ ಜೊತೆಗೆ ದುಃಶ್ರುತಿಯೂ ಅಲ್ಲಿದೆ. ಚಿತ್ತವನ್ನು ಕಲುಷಿತಗೊಳಿಸುವ ಕಥೆ, ಶಾಸ್ತ್ರಗಳನ್ನು ಕೇಳುವುದೇ ದುಃಶ್ರುತಿ. ಓದುವುದನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು. ಹಾಗಾದರೆ ಮೊದಲ ಪುಟದಲ್ಲಿಯೇ ಹೆಣವೊಂದು ಬೀಳುವ ಪತ್ತೇದಾರಿ ಕಾದಂಬರಿಯ ಗತಿಯೇನು? ಬಸದಿಯ ಪುಸ್ತಕ ಭಂಡಾರಕ್ಕೆ ಪುಸ್ತಕ ಕೊಳ್ಳುವ ಟ್ರಸ್ಟಿನವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ನಂಜನಗೂಡಿನವರಿಗೆ ಈ ಸಾಹಿತ್ಯಪ್ರಕಾರ ಪರಕೀಯವೂ ಅಲ್ಲ. ಜನಪ್ರಿಯ ಪತ್ತೇದಾರಿ ಕಾದಂಬರಿಕಾರ ಮ. ರಾಮಮೂರ್ತಿಯವರು 1918ರಲ್ಲಿ ಜನಿಸಿದ್ದು ಅಲ್ಲಿಯೇ. ಹಳದಿ–ಕೆಂಪಿನ ಕನ್ನಡ ಬಾವುಟದ ರೂವಾರಿಯೆಂದು ನಾಡು ಅವರನ್ನು ನೆನೆಯುತ್ತದೆ. ಕಾದಂಬರಿಕಾರನೆಂಬುದನ್ನು ಬಹುಮಟ್ಟಿಗೆ ಮರೆತಿದೆ. 1967ರಲ್ಲಿ ಬಾವಿ ಕುಸಿದು ಅವರು ಅಕಾಲ ಮರಣಕ್ಕೆ ತುತ್ತಾದರು. ನಾಲ್ಕನೆಯ ತರಗತಿಗಿಂತ ಹೆಚ್ಚು ಓದದಿದ್ದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, ನೂರಾರು ಕಾದಂಬರಿಗಳನ್ನು ಬರೆದು, ಓದಿನ ಅಭ್ಯಾಸವೇ ಇಲ್ಲದಿದ್ದ ಅಸಂಖ್ಯ ಕನ್ನಡಿಗರ ಕೈಗೆ ಪುಸ್ತಕ ಕೊಟ್ಟರು. ಈ ಉಪಕಾರ ಸಣ್ಣದಲ್ಲ.

ಆದರೂ ಈ ಜಾತಿಯ ಕಥೆಗಳಲ್ಲಿ ಒಂದು ದೋಷವಿದೆ. ಅದು ಕೊಲೆಯ ವರ್ಣನೆಯಲ್ಲ. ಕೊನೆಯಲ್ಲಿ ಒಬ್ಬನನ್ನು ತೋರಿಸಿ ‘ಇವನೇ ಅಪರಾಧಿ’ ಎಂದೊಡನೆ ಉಳಿದ ಪಾತ್ರಗಳೆಲ್ಲ, ಅವರೊಡನೆ ಓದುಗನೂ, ನಿರ್ದೋಷಿಗಳಾಗಿ ಮನೆಗೆ ಹೋಗುತ್ತಾರೆ. ಇನ್ನೂರು ಪುಟ ಎಲ್ಲರನ್ನೂ ಸಂಶಯಿಸಿದವನು ತನ್ನನ್ನು ಮಾತ್ರ ಒಮ್ಮೆಯೂ ಸಂಶಯಿಸಿಕೊಂಡಿರುವುದಿಲ್ಲ.

ಈ ನೆಮ್ಮದಿಯನ್ನು ಕೊಡದ ರೋಚಕ ಕಾದಂಬರಿಯೊಂದು ಕನ್ನಡದಲ್ಲಿದೆ. ಅದು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ (1994). ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಯುವ ಕೃಷಿಕ ದಂಪತಿಗಳ ಒಂದು ದಿನದ ಕಥೆಯಿದು. ಇಲ್ಲಿ ಬುದ್ಧಿವಂತ ಪತ್ತೇದಾರನ ಆಸರೆಯಿಲ್ಲ. ಸುತ್ತಲಿನ ಕಾಡು ಲೂಟಿಯಾಗುತ್ತಿದೆ. ಏಲಕ್ಕಿ ವ್ಯಾಪಾರದ ಮರೆಯಲ್ಲಿ ಕಳ್ಳ ವ್ಯವಹಾರ ಸಾಗುತ್ತಿದೆ. ಎಂತಹ ಬಲೆಯ ನಡುವೆ ತಾವು ಹೆಜ್ಜೆಯಿಡುತ್ತಿದ್ದೇವೆ ಎಂಬುದು ಆ ಇಬ್ಬರಿಗೂ ತಿಳಿಯದು. ಅವರ ಸರಸ, ಸಣ್ಣ ಮುನಿಸು, ಹಣದ ಲೆಕ್ಕಾಚಾರಗಳಿಂದ ಓದುಗನಿಗೆ ಅವರು ನೆರೆಮನೆಯವರಷ್ಟು ಹತ್ತಿರವಾಗುತ್ತಾರೆ. ಅವರಿಗೆ ಏನಾಗುವುದೋ ಎಂಬ ಕಳವಳವೇ ಪುಟಗಳನ್ನು ಮಗುಚಿಸುತ್ತದೆ.

ವರ್ತಕನಾದವನು ಈ ಕಾದಂಬರಿಯನ್ನು ಸುಮ್ಮನೆ ಓದಿ ಮುಗಿಸಲಾರ. ಅಸ್ತೇಯಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಕಳ್ಳನನ್ನು ಪ್ರೇರೇಪಿಸುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು, ತೂಕ–ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ. ಇವುಗಳಲ್ಲಿ ಎರಡನೆಯದರ ಹೆಸರು ತದಾಹೃತಾದಾನ. ‘ಜುಗಾರಿ ಕ್ರಾಸ್’ ಈ ಒಂದು ಪದಕ್ಕೆ ಬರೆದ ವ್ಯಾಖ್ಯಾನದಂತಿದೆ. ಕಾಡಿನಲ್ಲಿ ಕೊಡಲಿ ಎತ್ತಿದವನು ಒಬ್ಬನೇ ಇರಬಹುದು. ಆದರೆ ಮಾಲು ಎಲ್ಲಿಂದ ಬಂತೆಂದು ಕೇಳದೆ ಹಣ ಎಣಿಸಿಕೊಟ್ಟವರು ಎಷ್ಟು ಮಂದಿ! ನಂಜನಗೂಡಿನ ಅಥವಾ ತಿರುಮಕೂಡಲು ನರಸೀಪುರದ ಅಂಗಡಿಯಲ್ಲಿ ಕುಳಿತವನಿಗೆ ಮಲೆನಾಡಿನ ಏಲಕ್ಕಿ ದೂರದ ಸರಕಾಗಿರಬಹುದು. ಆದರೆ ಪೇಟೆಯ ದರಕ್ಕಿಂತ ಕಡಿಮೆಗೆ, ಬಿಲ್ಲಿಲ್ಲದೆ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬರುವ ಮೂಟೆ ಯಾವ ಊರಿನ ವರ್ತಕನಿಗೆ ತಾನೆ ಅಪರಿಚಿತ?

ಕೊರತೆಗಳಿಲ್ಲವೆಂದಲ್ಲ. ಆಕಸ್ಮಿಕಗಳ ಮೇಲೆ ಕಥೆ ಹೊರಿಸುವ ಭಾರ ಹೆಚ್ಚಾಯಿತು. ಹಳೆಯ ಕಾವ್ಯವೊಂದರ ಗೂಢಾರ್ಥವನ್ನು ಬಿಡಿಸುವ ಭಾಗ ರಸವತ್ತಾಗಿದ್ದರೂ ಓಟದ ನಡುವೆ ಬೇರೊಂದು ಪುಸ್ತಕದಂತೆ ತೋರುತ್ತದೆ. ಮುಖ್ಯವಾಗಿ, ಕೇಡಿಗರ ಕೃತ್ಯಗಳು ಕಾಣುತ್ತವೆಯೇ ಹೊರತು ಅವರ ಒಳಮನಸ್ಸು ಕಾಣುವುದಿಲ್ಲ. ಲೋಭ ಒಬ್ಬ ಸಾಮಾನ್ಯ ಸಂಸಾರಿಯಲ್ಲಿ ಹೇಗೆ ಮೊಳೆಯಿತೆಂಬುದನ್ನು ತೋರಿಸಿದ್ದರೆ ಕೃತಿ ಇನ್ನೂ ಆಳವಾಗುತ್ತಿತ್ತು.

ಈ ಕೆಲಸವನ್ನು ಜನ್ನ 1209ರಲ್ಲಿಯೇ ಮಾಡಿದ್ದಾನೆ. ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಜಾರತನ, ವಂಚನೆ, ಕೊಲೆ ಎಲ್ಲವೂ ಇರುವ ಆ ಕಾವ್ಯವನ್ನು ಯಾರೂ ದುಃಶ್ರುತಿ ಎನ್ನಲಿಲ್ಲ. ಕೊಂದವರು ಯಾರೆಂಬುದು ಅಲ್ಲಿ ಗುಟ್ಟಲ್ಲ. ಆದರೆ ಕೊಲೆಯಾದವರೂ ನಿರ್ದೋಷಿಗಳಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪ ಅವರನ್ನು ಭವಭವಗಳಲ್ಲಿ ಪ್ರಾಣಿಜನ್ಮಕ್ಕೆ ತಳ್ಳುತ್ತದೆ. ಪತ್ತೇದಾರಿ ಕಥೆ ಖಾತೆ ಮುಚ್ಚುವ ಪುಟದಲ್ಲಿ ಜನ್ನ ಖಾತೆ ತೆರೆಯುತ್ತಾನೆ.

ಪುಸ್ತಕ ಭಂಡಾರದ ಪ್ರಶ್ನೆಗೆ ಬಂದರೆ, ‘ಜುಗಾರಿ ಕ್ರಾಸ್’ ಅಲ್ಲಿರಲು ಅಡ್ಡಿಯಿಲ್ಲ. ಪ್ರೌಢಶಾಲೆ ದಾಟಿದ ಮಕ್ಕಳು ಓದಲಿ, ಅಂಗಡಿಯ ಜವಾಬ್ದಾರಿ ಹೊರಲಿರುವವರು ಮೊದಲು ಓದಲಿ. ಅದೇ ಕಪಾಟಿನಲ್ಲಿ ‘ಯಶೋಧರ ಚರಿತೆ’ಯೂ ಇರಬೇಕು. ಮೂಲದ ಹಳಗನ್ನಡ ಪ್ರತಿಯೊಂದನ್ನೇ ಇಟ್ಟರೆ ಅದು ಧೂಳು ಹಿಡಿಯುತ್ತದೆ. ಅರ್ಥಸಹಿತವಾದ ಪ್ರತಿಯನ್ನೂ ತರಿಸಿ, ಮಕ್ಕಳ ಕೈಗೆಟಕುವ ಸಾಲಿನಲ್ಲಿಡುವುದು ಟ್ರಸ್ಟಿನವರ ಕೆಲಸ.