ಯಂತ್ರದ ಮಾತು ಮತ್ತು ಆಧಾರದ ಪ್ರಶ್ನೆ

ಮನುಷ್ಯನೊಡನೆ ಸಂಭಾಷಿಸುವ ಗಣಕಯಂತ್ರಗಳ ಚರಿತ್ರೆಯಲ್ಲಿ, ‘ಎಲೈಜಾ’ ಎಂಬ ಕ್ರಮವಿಧಿಯನ್ನು ಕುರಿತು ಜೋಸೆಫ್ ವೈಜನ್‌ಬಾಮ್ ಅವರು 1966ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ವಿಶೇಷ ಸ್ಥಾನವುಂಟು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ರಚಿತವಾದ ಇದರ ಕಾರ್ಯರೀತಿ ಸರಳವಾದುದು. ಬೆರಳಚ್ಚಿಸಿದ ವಾಕ್ಯದಲ್ಲಿ ಅದು ಸೂಚಕಪದವೊಂದನ್ನು ಹುಡುಕುತ್ತದೆ. ವಾಕ್ಯವನ್ನು ನಿಯಮಾನುಸಾರ ವಿಭಜಿಸಿ, ‘ನಾನು’ ಎಂಬುದನ್ನು ‘ನೀವು’ ಎಂದು ಮಾರ್ಪಡಿಸಿ, ಪ್ರಶ್ನೆಯಾಗಿ ಮರಳಿಸುತ್ತದೆ. ಸೂಚಕಪದ ದೊರೆಯದಿದ್ದರೆ ‘ಮುಂದುವರಿಸಿ’ ಎಂಬಂತಹ ಸಿದ್ಧವಾಕ್ಯವನ್ನು ನುಡಿಯುತ್ತದೆ. ಅದಕ್ಕೆ ಮನೋಚಿಕಿತ್ಸಕನ ಪಾತ್ರವನ್ನು ಕೊಟ್ಟುದು ಜಾಣ್ಮೆ: ಲೋಕದ ವಿಷಯವೇನೂ ತಿಳಿಯದವನಂತೆ ಪ್ರಶ್ನಿಸುವ ಸ್ವಾತಂತ್ರ್ಯ ಅವನಿಗುಂಟು.

ಯಂತ್ರದ ಗುಟ್ಟನ್ನು ಕರ್ತೃವೇ ಬಯಲುಮಾಡಿದುದು ಪ್ರಬಂಧದ ಹಿರಿಮೆ. ಆದರೆ ವಿವರಣೆ ದೊರೆತೊಡನೆ ಮಾಯೆ ಕರಗುವುದೆಂಬ ಅದರ ನಂಬಿಕೆ ಒಪ್ಪತಕ್ಕುದಲ್ಲ. ಅದರ ರಚನೆಯನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಸಂಭಾಷಿಸುವಾಗ ಅವರು ಕೊಠಡಿಯಿಂದ ಹೊರಹೋಗಬೇಕೆಂದು ಕೋರಿದರೆಂಬುದನ್ನು 1976ರ ತಮ್ಮ ಗ್ರಂಥದಲ್ಲಿ ಅವರೇ ದಾಖಲಿಸಿದ್ದಾರೆ.

ಇಂದಿನ ಯಂತ್ರಗಳು ಅಪಾರ ಬರಹರಾಶಿಯಿಂದ ಪದಗಳ ಅನುಕ್ರಮದ ಸಂಭಾವ್ಯತೆಯನ್ನು ಕಲಿತು, ಪದದ ಮುಂದೆ ಪದವನ್ನಿರಿಸುತ್ತ ಉತ್ತರಿಸುತ್ತವೆ. ರೀತಿ ಬೇರೆ, ಭ್ರಮೆಯ ಅವಕಾಶ ಮಾತ್ರ ಹಿಂದಿನದೇ. ಲಿಪಿಯ ಸೊಬಗನ್ನು ನೋಡಿ ಶಾಸನವನ್ನು ಪ್ರಮಾಣವೆಂದು ಸ್ವೀಕರಿಸದ ಚರಿತ್ರಕಾರನು, ಉತ್ತರದ ನಿರರ್ಗಳತೆಯನ್ನು ಆಧಾರವೆಂದು ಎಣಿಸಲಾಗದು. ಮಾತು ಎಲ್ಲಿಂದ ಬಂದಿತೆಂದು ಕೇಳುವ ಹೊಣೆ ಓದುಗನದಾಗಿಯೇ ಉಳಿಯುತ್ತದೆ.