ಆಮಂತ್ರಣ, ನಿಮಂತ್ರಣ, ಕರೆ: ಒಂದು ಅರ್ಥವಿಚಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮದುವೆಯ ಪತ್ರಿಕೆಗಳನ್ನು ನೋಡಿದರೆ, ಒಂದರ ಮೇಲೆ ‘ಆಹ್ವಾನಪತ್ರಿಕೆ’ಯೆಂದೂ ಮತ್ತೊಂದರ ಮೇಲೆ ‘ಆಮಂತ್ರಣ’ವೆಂದೂ ಇನ್ನೊಂದರ ಮೇಲೆ ‘ಕರೆಯೋಲೆ’ಯೆಂದೂ ಅಚ್ಚಾಗಿರುವುದು ಕಾಣಬರುತ್ತದೆ. ಮನೆಯ ಮಾತಿನಲ್ಲಿ ಅದೇ ಕಾಗದಕ್ಕೆ ‘ಲಗ್ನಪತ್ರಿಕೆ’ಯೆಂದು ಹೆಸರು. ಇವೆಲ್ಲ ಪರ್ಯಾಯಪದಗಳೆಂಬುದು ಸಾಮಾನ್ಯವಾದ ತಿಳಿವಳಿಕೆ. ಆದರೆ ಕರೆಸಿಕೊಂಡವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವುಂಟೇ ಎಂದು ಕೇಳಿದೊಡನೆ ಈ ಸಮಾನತೆ ಒಡೆದುಹೋಗುತ್ತದೆ.

ಈ ಪ್ರಶ್ನೆಯನ್ನು ಸಂಸ್ಕೃತ ವೈಯಾಕರಣರು ಬಹು ಹಿಂದೆಯೇ ಎತ್ತಿದರು. ಪಾಣಿನಿಯು ವಿಧ್ಯರ್ಥಕ ಕ್ರಿಯಾರೂಪಕ್ಕೆ ಅರ್ಥಗಳನ್ನು ಹೇಳುವ ಸೂತ್ರದಲ್ಲಿ (3.3.161) ನಿಮಂತ್ರಣವನ್ನೂ ಆಮಂತ್ರಣವನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ. ಭೇದವೇನೆಂದು ವಿಚಾರಿಸುವ ಪತಂಜಲಿಯು, ಸಮೀಪದಲ್ಲಿರುವವನನ್ನು ಕರೆಯುವುದು ನಿಮಂತ್ರಣ, ದೂರದಲ್ಲಿರುವವನನ್ನು ಕರೆಯುವುದು ಆಮಂತ್ರಣ ಎಂಬ ಒಂದು ಸಮಾಧಾನವನ್ನು ಮೊದಲು ಮುಂದಿಟ್ಟು, ಅದು ನಿಲ್ಲದೆಂದು ಕೈಬಿಡುತ್ತಾನೆ. ಆಮೇಲಿನ ನಿರ್ಣಯವಿದು: ಹವ್ಯಕವ್ಯಗಳಲ್ಲಿ, ಎಂದರೆ ದೇವಪಿತೃಕಾರ್ಯಗಳಲ್ಲಿ, ತಪ್ಪದೆ ನಡೆಯಿಸಬೇಕಾದುದು ನಿಮಂತ್ರಣ, ಇಚ್ಛೆಯಿದ್ದರೆ ನಡೆಯಿಸಬಹುದಾದುದು ಆಮಂತ್ರಣ.

ಆಹ್ವಾನದ ಬಗೆ ಬೇರೆ. ಕೂಗಿ ಕರೆಯುವುದು ಅದರ ಮೂಲಾರ್ಥ. ದೇವತೆಯನ್ನು ಕರೆಯುವುದಕ್ಕೂ, ಹಗೆಯನ್ನು ಕಾಳಗಕ್ಕೆ ಕೆಣಕುವುದಕ್ಕೂ, ಧರ್ಮಶಾಸ್ತ್ರದ ವ್ಯವಹಾರಭಾಗದಲ್ಲಿ ಪ್ರತಿವಾದಿಯನ್ನು ನ್ಯಾಯಸಭೆಗೆ ಬರಿಸುವುದಕ್ಕೂ ಇದೇ ಶಬ್ದ. ಕನ್ನಡದಲ್ಲಿ ವೀಳೆಯಕ್ಕೂ ಇಂಥದೇ ಎರಡು ಮುಖ: ಮಂಗಳಕ್ಕೆ ಕರೆಯುವವರು ಕೊಡುವುದೂ ವೀಳೆಯ, ಕಾವ್ಯಗಳಲ್ಲಿ ವೀರನು ಯುದ್ಧಕ್ಕೆಂದು ಹಿಡಿಯುವುದೂ ರಣವೀಳೆಯ. ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’ ಎಂಬ ಇಂದಿನ ಕಚೇರಿಯ ಕನ್ನಡದಲ್ಲಾದರೋ ಆದರವೂ ಇಲ್ಲ, ಸವಾಲೂ ಇಲ್ಲ.

ಕನ್ನಡದ ‘ಕರೆ’ ಈ ಭೇದಗಳಾವುವನ್ನೂ ತನ್ನೊಳಗೆ ಇಟ್ಟುಕೊಂಡಿಲ್ಲ. (ಹಾಲು ಕರೆಯುವುದೆಂಬಲ್ಲಿಯ ಧಾತು ಹಳಗನ್ನಡದಲ್ಲಿ ‘ಕಱೆ’, ಱಕಾರ ಅಳಿದುದರಿಂದ ಎರಡೂ ಒಂದೇ ಆಗಿ ಕೇಳುತ್ತವೆ.) ನೆಂಟನನ್ನೂ ಆಳನ್ನೂ ಕರೆಯಬಹುದು, ಸಭೆಯನ್ನೂ ಟೆಂಡರನ್ನೂ ಕರೆಯಬಹುದು. ಕರೆಯುವಾಗ ಆಡುವ ‘ಬರಬೇಕು’ ಎಂಬ ಮಾತೂ ಹಾಗೆಯೇ. ಹಳಗನ್ನಡದ ‘ಬೇೞ್ಕುಂ’ ಎಂಬುದರಿಂದ ಬಂದ ‘ಬೇಕು’ ಬಯಕೆಯನ್ನೂ ಹೇಳುತ್ತದೆ, ಕಟ್ಟಳೆಯನ್ನೂ ಹೇಳುತ್ತದೆ. ‘ತಾವು ಬರಬೇಕು’ ಎಂದಾಗ ಅದು ಕರೆದವನ ಆಸೆಯೋ, ಬರುವವನ ಕರ್ತವ್ಯವೋ ಎಂಬುದನ್ನು ಪದ ತೀರ್ಮಾನಿಸುವುದಿಲ್ಲ.

ತೀರ್ಮಾನಿಸುವುದು ನಡೆವಳಿಕೆ. ಮೇಲೆ ಹೇಳಿದ ಸೀಮೆಯಲ್ಲಿ ಅಂಚೆಯಲ್ಲಿ ಬಂದ ಪತ್ರಿಕೆಯೂ, ಈಗ ಮೊಬೈಲಿನಲ್ಲಿ ಬರುವ ಅದರ ಚಿತ್ರವೂ ಸುದ್ದಿಯಷ್ಟೆ. ಮನೆಯವರು ಬಾಗಿಲಿಗೆ ಬಂದು, ಕುಂಕುಮವಿಟ್ಟು, ಎಲೆಯಡಿಕೆಯೊಡನೆ ‘ಎಲ್ಲರೂ ಬರಬೇಕು’ ಎಂದರೆ ಅದು ಕರೆ. ‘ಪತ್ರಿಕೆ ಕಳಿಸಿದರು, ಮನೆಗೆ ಬಂದು ಕರೆಯಲಿಲ್ಲ’ ಎಂಬ ಕೊರಗಿನಿಂದ ದಾಯಾದಿಗಳು ವರ್ಷಗಟ್ಟಲೆ ಮಾತು ಬಿಡುವುದುಂಟು. ಬಾಗಿಲಿಗೆ ಬಂದು ಕರೆದಮೇಲೆ ಹೋಗದಿರುವುದು ತಪ್ಪು. ಕಾಗದಕ್ಕೆ ಹೋಗದಿರುವುದು ತಪ್ಪಲ್ಲ. ಹೋದವರಿಗೆ ಕಳುಹುವಾಗ ಎಲೆಯಡಿಕೆಯ ಜೊತೆಗೆ ತೆಂಗಿನಕಾಯಿಯನ್ನೂ ಕೊಡುವುದರಿಂದ ಕರೆಯ ಋಣ ಪೂರ್ತಿಯಾಗುತ್ತದೆ. ಪತಂಜಲಿಯು ಕೈಬಿಟ್ಟ ಸಾಮೀಪ್ಯದ ಲಕ್ಷಣವೇ ಇಲ್ಲಿ ಬೇರೊಂದು ರೀತಿಯಲ್ಲಿ ನಿಯಮವಾಗಿ ನಿಂತಿದೆ: ಕರೆಯುವವನು ಹತ್ತಿರ ಬಂದರೆ ನಿಮಂತ್ರಣ, ದೂರ ಉಳಿದರೆ ಆಮಂತ್ರಣ.

ಇದನ್ನು ಮರೆತು ಕಾವ್ಯವನ್ನು ಓದಿದರೆ ಅರ್ಥಹಾನಿಯಾಗುತ್ತದೆ. ಭಾರತದ ಸಭಾಪರ್ವವೇ ಇದಕ್ಕೆ ನಿದರ್ಶನ. ವ್ಯಾಸರಲ್ಲಿಯೂ ಕುಮಾರವ್ಯಾಸನಲ್ಲಿಯೂ ಜೂಜಿಗೆ ಪಾಂಡವರನ್ನು ಕರೆಯಲು ಹೋಗುವವನು ವಿದುರ. ದ್ರೌಪದಿಯನ್ನು ಸಭೆಗೆ ಕರೆಯಲು ಮೊದಲು ಹೋಗುವವನು ಪ್ರಾತಿಕಾಮಿ. ಕೊನೆಗೆ ಹೋಗುವವನು ದುಶ್ಶಾಸನ. ಮೂವರ ಕೆಲಸಕ್ಕೂ ಕನ್ನಡದಲ್ಲಿ ‘ಕರೆತರುವುದು’ ಎನ್ನಬಹುದು. ಆದರೆ ಹೋದವನು ಯಾರೆಂಬುದರಲ್ಲಿ ಕರೆಯ ಸ್ವರೂಪವೇ ಬೇರೆಯಾಗುತ್ತದೆ. ಕಪಟದ ಆಟಕ್ಕೆ ಆಪ್ತನನ್ನು ಕಳುಹಿದುದರಿಂದ ಅದು ಬಂಧುಮರ್ಯಾದೆಯ ನಿಮಂತ್ರಣವಾಯಿತು. ಕರೆದರೆ ಹಿಮ್ಮೆಟ್ಟೆನೆಂಬ ವ್ರತವನ್ನು ಹೇಳಿಕೊಳ್ಳುವ ಧರ್ಮರಾಯನಿಗೆ ಅದು ಆಹ್ವಾನವೂ ಆಯಿತು. ನಿಮಂತ್ರಣದ ಹೊಣೆಯೂ ಆಹ್ವಾನದ ಛಲವೂ ಕೂಡಿದಮೇಲೆ ಒಲ್ಲೆನೆನ್ನುವುದಕ್ಕೆ ಎಡೆಯೇ ಉಳಿಯಲಿಲ್ಲ. ಅವನ ಸೋಲನ್ನು ಜೂಜಿನ ಚಪಲವೊಂದಕ್ಕೇ ಕಟ್ಟುವ ವಿಮರ್ಶೆ ಈ ಬಿಗಿಯನ್ನು ಕಾಣದು. ದ್ರೌಪದಿಯಾದರೋ ಕರೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕಳುಹುತ್ತಾಳೆ: ತನ್ನನ್ನು ಮೊದಲು ಸೋತವನಿಗೆ ಪತ್ನಿಯನ್ನು ಪಣವಿಡುವ ಅಧಿಕಾರವುಂಟೇ? ಎಂದರೆ ಕರೆಯುವವನ ಅಧಿಕಾರವನ್ನು ಮೊದಲು ವಿಚಾರಿಸುತ್ತಾಳೆ. ಧರ್ಮರಾಯನು ಬಳಸದೆ ಬಿಟ್ಟ ಸ್ವಾತಂತ್ರ್ಯ ಅದು. ಆ ಪ್ರಶ್ನೆಗೆ ಸಭೆಯಲ್ಲಿ ಉತ್ತರವಿಲ್ಲದುದರಿಂದಲೇ ಕರೆತರುವುದು ಎಳೆತರುವುದಾಗಿ ಮುಗಿಯುತ್ತದೆ.

ಆದಕಾರಣ ‘ಆಮಂತ್ರಣ: ಕರೆ, ಆಹ್ವಾನ’ ಎಂದು ಒಂದಕ್ಕೊಂದನ್ನು ಅರ್ಥವಾಗಿ ಕೊಟ್ಟು ಮುಗಿಸುವ ಕೋಶಕ್ರಮ ಸಾಲದು. ಯಾರು, ಯಾರನ್ನು, ಏನು ಕೊಟ್ಟು, ಎಲ್ಲಿ ನಿಂತು ಕರೆದರೆಂಬ ಪ್ರಯೋಗಸಂದರ್ಭವನ್ನೂ ಅದರೊಡನೆ ಸೇರಿಸಬೇಕು. ಸಂಸ್ಕೃತವು ಉಪಸರ್ಗದಲ್ಲಿ ತೋರಿದ ಭೇದವನ್ನು ಕನ್ನಡವು ಹೊಸ್ತಿಲಲ್ಲಿ ತೋರುತ್ತದೆ.